ಗೆಳೆಯನ ಪೆನ್‌ಡ್ರೈವ್

ಹಾಸ್ಟೆಲಿನ ಕೋಣೆಯಲ್ಲಿ ನಿನ್ನದು, ನನ್ನದು ಎಂಬ ಭೇದ ಬಹುಕಾಲ ನಿಲ್ಲುವುದಿಲ್ಲ. ಊರಿನಿಂದ ಬಂದ ಚಕ್ಕುಲಿಯ ಡಬ್ಬ, ಬಾಚಣಿಗೆ, ಇಸ್ತ್ರಿ ಮಾಡಿದ ಅಂಗಿ, ಎಲ್ಲವೂ ಕೈಯಿಂದ ಕೈಗೆ ಸಾಗುತ್ತವೆ. ಪೆನ್‌ಡ್ರೈವೂ ಹಾಗೆಯೇ. ಕೊಡುವುದಿಲ್ಲ ಎಂದವನು ಜಿಪುಣ. ಕೊಟ್ಟದ್ದನ್ನು ಮೊದಲು ಪರೀಕ್ಷಿಸುತ್ತೇನೆ ಎಂದವನು ಜಿಪುಣನಿಗಿಂತಲೂ ಕಡೆ!

ಮೈಸೂರಿನ ಅಂಥದೊಂದು ಕೋಣೆಯಲ್ಲಿ ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳು. ಒಬ್ಬನು ತನ್ನ ಪ್ರಾಜೆಕ್ಟ್ ವರದಿಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದು, ಪೆನ್‌ಡ್ರೈವನ್ನು ಗೆಳೆಯನತ್ತ ಚಾಚಿದ.

“ಲೋ, ನಿನ್ನ ಲ್ಯಾಪ್‌ಟಾಪಿನಲ್ಲಿ ಆಂಟಿವೈರಸ್ ಇದೆಯೇನೋ?”

“ಇತ್ತು ಕಣೋ. ಸೀನಿಯರ್ ಕೊಟ್ಟ ಆಟ ಹಾಕಿಕೊಳ್ಳುವಾಗ ಆಫ್ ಮಾಡಿದೆ. ನೀನು ಕೊಟ್ಟದ್ದಕ್ಕೆ ಅದೇಕೆ?”

ಸ್ನೇಹ ತುಂಬಿದ ಮಾತು. ಆದರೆ ಆ ಪೆನ್‌ಡ್ರೈವು ಗೆಳೆಯನ ಕೈಯಿಂದ ಬಂದಿದ್ದರೂ ಅಂಗಡಿಯಿಂದ ಹೊರಟಿತ್ತು. ಅಂಗಡಿಯ ಕಂಪ್ಯೂಟರೆಂದರೆ ಛತ್ರದ ಚಾಪೆಯಿದ್ದಂತೆ. ಯಾರು ಯಾರು ಮಲಗೆದ್ದರೋ ಬಲ್ಲವರಿಲ್ಲ. ಫೋಲ್ಡರಿನ ಮೂಲೆಯಲ್ಲಿ ಪುಟ್ಟದೊಂದು ಬಾಣದ ಗುರುತಿತ್ತು. ಒತ್ತಿದರೆ ಫೋಲ್ಡರು ಎಂದಿನಂತೆ ತೆರೆಯಿತು. ಈ ಜಾತಿಯ ವೈರಸ್ಸಿನ ಜಾಣತನವೇ ಅದು. ನಿಜವಾದ ಫೋಲ್ಡರನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ಟನ್ನು ಮುಂದಿಡುತ್ತದೆ. ಒತ್ತಿದೊಡನೆ ತಾನು ಒಳಹೊಕ್ಕು, ಬೇಕಾದುದನ್ನೂ ತೆರೆದು ತೋರಿಸುತ್ತದೆ.

ಅಂದಿನ ರಾತ್ರಿ ಅದೇ ಲ್ಯಾಪ್‌ಟಾಪಿಗೆ ಇನ್ನೂ ಮೂವರ ಪೆನ್‌ಡ್ರೈವುಗಳು ಸೇರಿದವು. ಮರುದಿನ ವರದಿ ಒಪ್ಪಿಸುವ ಹೊತ್ತಿಗೆ ಕಾಲೇಜಿನ ಕಂಪ್ಯೂಟರಿನ ಆಂಟಿವೈರಸ್ ಆ ಶಾರ್ಟ್‌ಕಟ್ಟುಗಳನ್ನು ಅಳಿಸಿತು. ಪೆನ್‌ಡ್ರೈವುಗಳು ಬರಿದಾಗಿ ಕಂಡವು. ಮೂವರೂ ಅವನನ್ನು ದುರುಗುಟ್ಟಿ ನೋಡಿದರು. ಮರೆಯಾಗಿದ್ದ ಫೈಲುಗಳನ್ನು ಬಲ್ಲವರೊಬ್ಬರು ಹೊರತೆಗೆದುಕೊಟ್ಟರು, ನಿಜ. ಆದರೆ ಯಾರೂ ತಪ್ಪಿತಸ್ಥರಲ್ಲದಿದ್ದರೂ ಸ್ನೇಹದ ಮೇಲೊಂದು ಕಲೆ ಉಳಿಯಿತು.

ಇದೇನೂ ಹೊಸ ಕಥೆಯಲ್ಲ. 1986ರಲ್ಲಿ ಲಾಹೋರಿನ ಸೋದರರಿಬ್ಬರು ಬರೆದ ‘ಬ್ರೈನ್’ ವೈರಸ್ ಫ್ಲಾಪಿಗಳನ್ನೇರಿ ದೇಶದೇಶ ಸುತ್ತಿತು. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ಎಂಬ ಇ-ಮೇಲು ಪರಿಚಿತರ ಹೆಸರಿನಲ್ಲೇ ಬಂದುದರಿಂದ ಲಕ್ಷಾಂತರ ಜನ ಅದನ್ನು ತೆರೆದು ಕೆಟ್ಟರು. ಅಪರಿಚಿತರ ಮುಂದೆ ಮುಚ್ಚಿರುವ ಬಾಗಿಲು ಪರಿಚಿತರಿಗೆ ತಾನಾಗಿ ತೆರೆಯುತ್ತದೆ. ವೈರಸ್ ಬರುವುದೂ ಆ ಬಾಗಿಲಿನಿಂದಲೇ.

ಹಾಗಾದರೆ ಹಣ ತೆತ್ತು ಆಂಟಿವೈರಸ್ ಕೊಳ್ಳಬೇಕೆ? ಹಾಸ್ಟೆಲಿನ ಶುಲ್ಕ ಕಟ್ಟಿ ಬಸವಳಿದ ತಂದೆಯ ಪ್ರಶ್ನೆಯಿದು. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ‘ಡಿಫೆಂಡರ್’ ಎಂಬ ಕಾವಲುಗಾರ ವಿಂಡೋಸಿನ ಜೊತೆಗೇ ಬರುತ್ತಾನೆ. ಅವನನ್ನು ಮಲಗಿಸದೆ, ಅಪ್‌ಡೇಟ್ ತಪ್ಪಿಸದೆ ಇದ್ದರೆ ಸಾಮಾನ್ಯ ವಿದ್ಯಾರ್ಥಿಗೆ ಅಷ್ಟು ಸಾಕು. ಅಣ್ಣನಿಂದ ತಮ್ಮನಿಗಿಳಿದ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 10 ಇದ್ದರೆ ಮಾತ್ರ ಎಚ್ಚರ ಹೆಚ್ಚಬೇಕು. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ವೈರಸ್ ಎಂಥ ಕಾವಲುಗಾರನ ಕಣ್ಣನ್ನೂ ತಪ್ಪಿಸಬಹುದು. ಆದ್ದರಿಂದ ವರದಿಯ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು. ಊರು ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವೇನು?

ಈಗ ಆ ಕೋಣೆಯಲ್ಲಿ ಯಾರ ಪೆನ್‌ಡ್ರೈವೇ ಬರಲಿ, ಮೊದಲು ಸ್ಕ್ಯಾನ್, ಬಳಿಕ ಮಾತು. ಯಾರಿಗೂ ಅವಮಾನವೆನಿಸುವುದಿಲ್ಲ. ಹಬ್ಬಕ್ಕೆ ಬಂದ ಸೋದರಮಾವನಿಗೂ ಬಾಗಿಲಲ್ಲಿ ಕಾಲಿಗೆ ನೀರು ಕೊಡುವುದಿಲ್ಲವೆ? ಅದು ಸಂಶಯವಲ್ಲ, ದಾರಿಯ ಧೂಳು ಮಾವನದಲ್ಲವೆಂಬ ತಿಳಿವಳಿಕೆ.