ಒಂದು ಗ್ರಾಮಿನ ಲೆಕ್ಕ

ಸ್ಯಾಲಿಸಿಲಿಕ್ ಆಮ್ಲದ ಬಿಳಿ ಪುಡಿ ಒಂದು ಗ್ರಾಂ, ಮೆಥನಾಲ್ 5 ಮಿ.ಲೀ., ಸಾಂದ್ರ ಸಲ್ಫ್ಯೂರಿಕ್ ಆಮ್ಲದ ಕೆಲವು ಹನಿ. ಪುಟ್ಟ ಫ್ಲಾಸ್ಕಿಗೆ ಹಾಕಿ, ಮೇಲೆ ಕಂಡೆನ್ಸರ್ ಕೂಡಿಸಿ, ಬಿಸಿನೀರಿನಲ್ಲಿ ಎರಡು ತಾಸು ಇಟ್ಟರೆ ಮೀಥೈಲ್ ಸ್ಯಾಲಿಸಿಲೇಟ್ ಆಗುತ್ತದೆ. ಹೆಸರು ಕೇಳದವರಿಗೂ ಅದರ ವಾಸನೆ ಗೊತ್ತು. ನೋವಿನ ಮುಲಾಮಿನ ಡಬ್ಬಿ ತೆರೆದಾಗ ಮೂಗಿಗೆ ಬಡಿಯುವುದು ಅದೇ.

ಧಾರವಾಡದಲ್ಲಿ ಎಂ.ಎಸ್ಸಿ. ಹುಡುಗರಿಗೆ ಈ ಪ್ರಯೋಗ ಮಾಡಿಸುವುದು ಸಂಶೋಧನೆಯ ಜೊತೆಗೆ ನನ್ನ ಪಾಲಿಗೆ ಬಂದ ಕೆಲಸ. ಅವರಿಗದು ಔಷಧಿ ಅಂಗಡಿಯ ವಾಸನೆ. ನನಗೆ ಬೋರಗಾಂವದ ನಮ್ಮ ಪಡಸಾಲೆ. ನಿಪ್ಪಾಣಿ ಸೀಮೆಯ ಎಷ್ಟೋ ಹೆಣ್ಣುಮಕ್ಕಳಂತೆ ಅವ್ವನೂ ಬೀಡಿ ಕಟ್ಟುವವಳು. ರಾತ್ರಿ ಹೆಬ್ಬೆರಳಿಗೆ ಮುಲಾಮು ತಿಕ್ಕಿಕೊಂಡರೆ ತಂಬಾಕಿನ ಘಾಟಿನ ಮೇಲೆ ಇದು ಬಂದು ಕೂರುತ್ತಿತ್ತು.

ಎಮಿಲ್ ಫಿಶರ್ ಮತ್ತು ಆರ್ಥರ್ ಸ್ಪೈಯರ್ 1895ರಲ್ಲಿ ವಿವರಿಸಿದ ಕ್ರಿಯೆಯಿದು. ಮುಂದೆ ಹೋದಷ್ಟೇ ಸಲೀಸಾಗಿ ಹಿಂದಕ್ಕೂ ಬರುತ್ತದೆ: ಹುಟ್ಟಿದ ನೀರು ಎಸ್ಟರನ್ನು ಮತ್ತೆ ಒಡೆಯುತ್ತದೆ. ಅದಕ್ಕೇ ಮೆಥನಾಲ್ ಲೆಕ್ಕಕ್ಕಿಂತ ಹದಿನೇಳು ಪಟ್ಟು ಸುರಿಯುತ್ತೇವೆ. ಕೊನೆಗೆ ಸೋಡಿಯಂ ಬೈಕಾರ್ಬೊನೇಟಿನ ದ್ರಾವಣಕ್ಕೆ ಹೊಯ್ದರೆ ಭುಸುಗುಟ್ಟಿ ನೊರೆಯೇಳುತ್ತದೆ, ಉಳಿದ ಆಮ್ಲ ನೀರಿಗಿಳಿಯುತ್ತದೆ, ಎಣ್ಣೆ ತಳ ಸೇರುತ್ತದೆ. ತೇಲದ ಎಣ್ಣೆ ಕಂಡು ಪ್ರತಿ ವರ್ಷ ಒಬ್ಬನಾದರೂ ಮೇಲಿನ ಪದರವನ್ನೇ ಜೋಪಾನ ಮಾಡಿ ಕೆಳಗಿನದನ್ನು ಚೆಲ್ಲಲು ಹೊರಡುತ್ತಾನೆ. ಫೆರಿಕ್ ಕ್ಲೋರೈಡ್ ಹಾಕಿ ನೋಡುತ್ತೇನೆ ಅನ್ನುವವರೂ ಇದ್ದಾರೆ. ಆಮ್ಲವೂ ನೇರಳೆ, ಎಸ್ಟರೂ ನೇರಳೆ, ಅದರಿಂದೇನೂ ಹೊರಡದು.

ಕಾಗದದ ಮೇಲೆ 1.10 ಗ್ರಾಂ ಬರಬೇಕು. ಕಳೆದ ಸಲ ನಾನು ಮಾಡಿ ತೋರಿಸಿದಾಗ ಸಿಕ್ಕಿದ್ದು 0.72, ಅಂದರೆ ಶೇಕಡಾ 65. ಸಣ್ಣ ಪ್ರಮಾಣದಲ್ಲಿ ಗಾಜೇ ದೊಡ್ಡ ಕಳ್ಳ. ನೂರು ಗ್ರಾಂ ಮಾಡುವಾಗ ಗೋಡೆಗೆ ಅಂಟಿದ್ದು ಲೆಕ್ಕಕ್ಕೆ ಬಾರದು. ಒಂದು ಗ್ರಾಮಿನಲ್ಲಿ ಅದೇ ಹತ್ತನೆಯ ಒಂದು ಪಾಲಾದೀತು.

ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ಅವಳ ಕೂಲಿ ಸಾವಿರದ ಲೆಕ್ಕದ್ದು. ಕಳಪೆ ಅಂತ ಬದಿಗೆ ತೆಗೆದ ಬೀಡಿ ಎಣಿಕೆಗಿಲ್ಲ. ಎಲೆ ಕಡಿಮೆ ಬಿದ್ದರೆ ಕೈಯಿಂದ ರೊಕ್ಕ ಹಾಕಿ ತರಬೇಕು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಹಂಗಾರ ಹೋಗಿದ್ದು ಯಾರ ಪಗಾರದಾಗ ಕಡೀತಾರ?"

ಯಾರದ್ದೂ ಇಲ್ಲ ಅಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಹುಡುಗರ ಇಳುವರಿ ಕಡಿಮೆ ಬಂದರೆ ನಾನು ಅಂಕ ಕಡಿಯುವುದಿಲ್ಲ. ಎಲ್ಲಿ ಹೋಯಿತು ಅಂತ ಬರೆಯಿರಿ ಅನ್ನುತ್ತೇನೆ. ಶೇಕಡಾ 98 ಅಂದವರ ಫ್ಲಾಸ್ಕನ್ನು ಮಾತ್ರ ಒಣಗಿಸಿ ಇನ್ನೊಮ್ಮೆ ತೂಗಿಸುತ್ತೇನೆ. ಸಾಮಾನ್ಯವಾಗಿ ಒಳಗೆ ದ್ರಾವಕ ಉಳಿದಿರುತ್ತದೆ.