ಹಾರುವ ಮುನ್ನ

ಕಳೆದ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಮ್ಮ ಮನೆಯ ಊಟದ ಮೇಜು ಊಟದ ಮೇಜಾಗಿರಲಿಲ್ಲ. ಅದರ ಮೇಲೆ ಒಂದು ವಿಮಾನ ಹುಟ್ಟುತ್ತಿತ್ತು. ನಾನು, ನನ್ನ ಮಡದಿ, ಒಂಬತ್ತನೆಯ ತರಗತಿಯ ನಮ್ಮ ಮಗ, ಮೂವರೂ ಅಡಿಗೆಮನೆಯ ನೆಲದ ಮೇಲೆ ಸಾಲಾಗಿ ಕುಳಿತು ಉಣ್ಣುತ್ತಿದ್ದೆವು. ಮೊಣಕಾಲು ನೋವಿನ ನನ್ನ ತಾಯಿಗೆ ಮಾತ್ರ ಕುರ್ಚಿ. ನಮ್ಮ ನಡುವೆ ಅವರೊಬ್ಬರೇ ಸಿಂಹಾಸನಾರೂಢರು. ವಿಮಾನದ ಪೆಟ್ಟಿಗೆಗೆ ಹಣ ಕೊಟ್ಟವರೂ ಅವರೇ ಆದ್ದರಿಂದ ಈ ವ್ಯವಸ್ಥೆಯನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ.

ಪೆಟ್ಟಿಗೆಯೊಳಗೆ ವಿಮಾನವಿತ್ತೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಒಂದು ದೊಡ್ಡ ನಕ್ಷೆ, ಒಂದಿಷ್ಟು ಕಡ್ಡಿ, ಒಂದಿಷ್ಟು ಹಲಗೆ, ಅಂಚೆಚೀಟಿಗಳಂತೆ ಕತ್ತರಿಸಿಟ್ಟ ನೂರಾರು ತುಂಡುಗಳು, ಇಷ್ಟೇ. ಎಲ್ಲವೂ ಬಾಲ್ಸಾ ಎಂಬ ಮರದ್ದು. ದಕ್ಷಿಣ ಅಮೆರಿಕೆಯ ಈಕ್ವೆಡಾರ್ ದೇಶದಿಂದ ಹೆಚ್ಚಾಗಿ ಬರುವ ಈ ಮರ ಘನ ಮೀಟರಿಗೆ ಸುಮಾರು 160 ಕಿಲೋ ತೂಗುತ್ತದೆ. ನಮ್ಮ ತೇಗ ಅದರ ನಾಲ್ಕರಷ್ಟಾದರೂ ತೂಗೀತು. ಹಲಗೆಯನ್ನು ಕೈಯಲ್ಲಿ ಹಿಡಿದ ತಾಯಿ, “ಇದೇನೋ ಇದು, ಸಂಡಿಗೆಗಿಂತ ಹಗುರವಾಗಿದೆ!” ಎಂದು ಬೆರಗಾದರು.

ಮಗನಿಗೆ ಈ ಹುಚ್ಚು ಹಿಡಿಸಿದವರು ನಮ್ಮ ಬೀದಿಯ ಕೊನೆಯ ಮನೆಯ ಹಿರಿಯರು. ಕಾರ್ಖಾನೆಯ ಕೆಲಸದಿಂದ ನಿವೃತ್ತರಾಗಿ ಬಹಳ ವರ್ಷಗಳಾಗಿವೆ. ನಲವತ್ತು ವರ್ಷಗಳಿಂದ ಇಂಥ ವಿಮಾನಗಳನ್ನು ಕಟ್ಟಿ ಹಾರಿಸುತ್ತ ಬಂದವರು. ಮಿತಭಾಷಿ. ಅವರ ಬಲಗೈಯ ತೋರುಬೆರಳು ಮೊದಲನೆಯ ಗಿಣ್ಣಿನವರೆಗೆ ಮಾತ್ರ ಇದೆ. ನಾವಾರೂ ಅದರ ವಿಚಾರ ಕೇಳಿರಲಿಲ್ಲ. ಆದರೆ ನನ್ನ ಮಡದಿಯ ಕಣ್ಣು ಮೊದಲ ದಿನವೇ ಆ ಬೆರಳಿನ ಮೇಲೆ ಬಿದ್ದಿತ್ತು. ಅಂದು ರಾತ್ರಿ ಅವಳು ನನಗೆ ಹೇಳಿದ್ದು ಒಂದೇ ಮಾತು: “ರೀ, ವಿಮಾನ ಹಾರಲಿ ಬಿಡಲಿ, ಹುಡುಗನ ಹತ್ತು ಬೆರಳೂ ಮನೆಗೆ ಬರಬೇಕು.”

ಕಟ್ಟುವ ಕೆಲಸದಲ್ಲಿ ಮಗನಿಗಿದ್ದ ಆತುರ ಹಿರಿಯರಿಗಿರಲಿಲ್ಲ. ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಅಂಟು ತಾಗದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ರೆಕ್ಕೆಯ ಪಕ್ಕೆಲುಬುಗಳನ್ನು ಒಂದೊಂದಾಗಿ ಗುಂಡುಸೂಜಿಯಿಂದ ನಿಲ್ಲಿಸಬೇಕು. ಅಂಟು ಪೂರ್ತಿ ಒಣಗುವ ಮೊದಲೇ ಸೂಜಿ ಕಿತ್ತರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಒಂದು ನೂಲಿನಷ್ಟು ತಿರುಚಿದರೂ ಆ ವಿಮಾನ ಜೀವಮಾನವೆಲ್ಲ ಒಂದೇ ಪಕ್ಕಕ್ಕೆ ವಾಲುತ್ತದೆ. ಆದ್ದರಿಂದ ದಿನಕ್ಕೆ ಒಂದು ಗಂಟೆಯ ಕೆಲಸ, ಇಪ್ಪತ್ತಮೂರು ಗಂಟೆಯ ಕಾಯುವಿಕೆ. ನಮ್ಮ ಕಾಲದ ಮಕ್ಕಳಿಗೆ ಇದಕ್ಕಿಂತ ಕಠಿಣವಾದ ವ್ರತ ಬೇರೊಂದಿರಲಾರದು.

ಅಸ್ಥಿಪಂಜರ ಮುಗಿದ ಮೇಲೆ ಅದಕ್ಕೆ ಚರ್ಮ ಹೊದಿಸಬೇಕು. ಕಾವಿಗೆ ಅಂಟಿಕೊಂಡು ಬಿಗಿಯುವ ತೆಳುವಾದ ಹಾಳೆಯೊಂದಿದೆ. ಅದನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಬೇಕು. ಕಾವು ಕಡಿಮೆಯಾದರೆ ಸುಕ್ಕು, ಹೆಚ್ಚಾದರೆ ತೂತು. ನಾನೂ ಮಗನೂ ಒಂದು ಮೊಳ ಹಾಳೆಯನ್ನು ಪ್ರಯೋಗಕ್ಕೆ ಬಲಿಕೊಟ್ಟಾದ ಮೇಲೆ ಮಡದಿ ಮೌನವಾಗಿ ಬಂದು ಪೆಟ್ಟಿಗೆಯನ್ನು ನಮ್ಮ ಕೈಯಿಂದ ತೆಗೆದುಕೊಂಡಳು. ಇಪ್ಪತ್ತು ವರ್ಷ ರೇಷ್ಮೆ ಸೀರೆಗಳಿಗೆ ಇಸ್ತ್ರಿ ಹಾಕಿದ ಕೈ. ಎರಡು ಸಂಜೆಗಳಲ್ಲಿ ರೆಕ್ಕೆ ತಬಲದ ಮುಚ್ಚಿಗೆಯಂತೆ ಬಿಗಿಯಾಯಿತು. ಹಿರಿಯರು ಬಂದು ನೋಡಿ, ಬೆರಳಿನಿಂದ ತಟ್ಟಿ, “ಇದು ಯಾರ ಕೆಲಸ?” ಎಂದರು. ಅವರ ಬಾಯಿಂದ ನಾನು ಕೇಳಿದ ಪ್ರಶಂಸೆ ಅದೊಂದೇ.

ಇನ್ನೇನು, ಮೋಟಾರು ಕೂಡಿಸಿ ಹಾರಿಸುವುದೇ ತಾನೆ ಎಂದು ನಾವು ತಿಳಿದಿದ್ದೆವು. “ಕಟ್ಟಿದ್ದಾಯಿತು. ಈಗ ಕೆಲಸ ಶುರು ಮಾಡೋಣ” ಎಂದರು ಅವರು.

ಮೊದಲನೆಯದು ತೂಕದ ಸಮತೋಲ. ರೆಕ್ಕೆಯ ಮುಂಗಡೆಯ ಅಂಚಿನಿಂದ ಹಿಂದಕ್ಕೆ, ರೆಕ್ಕೆಯ ಅಗಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದ ನಡುವೆ ನಕ್ಷೆಯಲ್ಲೊಂದು ಗುರುತಿರುತ್ತದೆ. ಬ್ಯಾಟರಿ ಸಮೇತ ಸಿದ್ಧವಾದ ವಿಮಾನವನ್ನು ಆ ಗುರುತಿನ ಕೆಳಗೆ ಎರಡೂ ಕಡೆ ಒಂದೊಂದು ಬೆರಳಿಟ್ಟು ಎತ್ತಿದರೆ ಅದು ಮಟ್ಟವಾಗಿ ನಿಲ್ಲಬೇಕು, ಇಲ್ಲವೆ ಮೂತಿ ಕೊಂಚ ಕೆಳಗೆ ಬಾಗಬೇಕು. ಮೂತಿ ಭಾರವಾದ ವಿಮಾನ ಸೋಮಾರಿಯಂತೆ ಹಾರುತ್ತದೆ. ಬಾಲ ಭಾರವಾದದ್ದು ಹುಚ್ಚು ಕುದುರೆ, ಒಂದೇ ಸಲ ಹಾರುತ್ತದೆ. ನಮ್ಮದು ಬಾಲ ತಗ್ಗಿಸಿತು. ಬ್ಯಾಟರಿಯನ್ನು ಎರಡು ಅಂಗುಲ ಮುಂದಕ್ಕೆ ಸರಿಸಿ ಪಟ್ಟಿ ಬಿಗಿದಾಗ ಸರಿಹೋಯಿತು.

ಬ್ಯಾಟರಿಯ ಮಾತು ಬಂದಾಗ ಅವರ ಧ್ವನಿಯೇ ಬೇರೆಯಾಯಿತು. ಇದು ಲಿಥಿಯಂ ಪಾಲಿಮರ್ ಜಾತಿಯದು, ಮೂರು ಕೋಶಗಳದು. ಒಂದೊಂದು ಕೋಶವೂ ತುಂಬಿದಾಗ 4.2 ವೋಲ್ಟ್. ಅದಕ್ಕಿಂತ ಹೆಚ್ಚು ತುಂಬಿಸಿದರೆ, ಚುಚ್ಚಿದರೆ, ಜಜ್ಜಿದರೆ ಹೊತ್ತಿಕೊಂಡು ಉರಿಯುತ್ತದೆ. ಊದಿಕೊಂಡದ್ದನ್ನು ಮತ್ತೆ ಚಾರ್ಜಿಗೆ ಇಡಲೇಬಾರದು. ನಮ್ಮ 2200 ಮಿಲಿಆಂಪಿಯರ್ ಗಂಟೆಯ ಬ್ಯಾಟರಿಗೆ 2.2 ಆಂಪಿಯರ್ ವಿದ್ಯುತ್ತು, ಕೋಶ ಕೋಶವನ್ನೂ ಸರಿದೂಗಿಸುವ ಚಾರ್ಜರು, ಎದುರಿಗೆ ಎಚ್ಚರವಾಗಿ ಕುಳಿತ ಒಬ್ಬ ಮನುಷ್ಯ, ಇವಿಷ್ಟೂ ಇರಬೇಕು. ರಾತ್ರಿ ಚಾರ್ಜಿಗೆ ಹಾಕಿ ಮಲಗುವಂತಿಲ್ಲ. ವಾರಗಟ್ಟಲೆ ಹಾರಿಸುವುದಿಲ್ಲವಾದರೆ ಕೋಶಕ್ಕೆ ಸುಮಾರು 3.8 ವೋಲ್ಟಿಗೆ ಇಳಿಸಿಡಬೇಕು. ಅವರು ಬ್ಯಾಟರಿಯನ್ನು ಇಡುತ್ತಿದ್ದುದು ಮಣ್ಣಿನ ಮಡಕೆಯಲ್ಲಿ. ನಾನೂ ಒಂದು ಮಡಕೆ ತಂದು ಹಿತ್ತಲಿನ ಸಿಮೆಂಟು ಕಟ್ಟೆಯ ಮೇಲಿಟ್ಟೆ. ಬೆಳಿಗ್ಗೆ ನೋಡಿದರೆ ತಾಯಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು. ಬೆಂಕಿ ಇರುವ ವಸ್ತುವಿಗೆ ಅದೂ ಒಂದು ಮುನ್ನೆಚ್ಚರಿಕೆಯೇ ಎಂದು ಸುಮ್ಮನಾದೆ.

ಇನ್ನು ರೇಡಿಯೋ. ಅಮೆರಿಕದ ಮಿಚಿಗನ್ ಪ್ರಾಂತದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಸೋದರರು 1937ರ ವೇಳೆಗೆ ತಮ್ಮ ಮಾದರಿ ವಿಮಾನವನ್ನು ರೇಡಿಯೋ ಅಲೆಗಳಿಂದ ನಡೆಸಿದ್ದರು. ಅನಂತರ ಬಹುಕಾಲ ಇದ್ದ ಏರ್ಪಾಡೆಂದರೆ ಒಂದು ಸ್ಫಟಿಕ, ಒಂದು ತರಂಗಾಂತರ. ಮೈದಾನದಲ್ಲಿ ಇಬ್ಬರು ಒಂದೇ ತರಂಗಾಂತರದಲ್ಲಿ ಗುಂಡಿ ಒತ್ತಿದರೆ ಹಾರುತ್ತಿದ್ದ ವಿಮಾನ ಯಾರ ಮಾತನ್ನೂ ಕೇಳದೆ ನೆಲಕ್ಕೆ ಬೀಳುತ್ತಿತ್ತು. ಅದಕ್ಕೆಂದೇ ಹಲಗೆಯೊಂದಕ್ಕೆ ಕ್ಲಿಪ್ಪುಗಳನ್ನು ಸಿಕ್ಕಿಸಿಟ್ಟು, ತನ್ನ ಕ್ಲಿಪ್ಪು ಕೈಗೆ ಬಂದವನು ಮಾತ್ರ ಸ್ವಿಚ್ಚು ಹಾಕಬೇಕೆಂಬ ಕಟ್ಟಳೆಯಿತ್ತಂತೆ. ಈಗಿನ 2.4 ಗಿಗಾಹರ್ಟ್ಸ್ ಉಪಕರಣದಲ್ಲಿ ಟ್ರಾನ್ಸ್‌ಮಿಟರಿಗೂ ರಿಸೀವರಿಗೂ ಒಮ್ಮೆ ಪರಿಚಯ ಮಾಡಿಸಿದರೆ ಆ ಜೋಡಿ ಬೇರೆಯವರ ಮಾತಿಗೆ ಕಿವಿಗೊಡುವುದಿಲ್ಲ. ಆದರೂ ಸಂಕೇತ ಕಡಿದುಹೋದರೆ ಮೋಟಾರು ತಾನಾಗಿ ನಿಲ್ಲುವಂತೆ ಮೊದಲೇ ಹೇಳಿಕೊಟ್ಟಿರಬೇಕು. ಹೇಳಿಕೊಟ್ಟದ್ದು ಅದಕ್ಕೆ ನೆನಪಿದೆಯೇ ಎಂದು, ಪ್ರೊಪೆಲರ್ ಬಿಚ್ಚಿಟ್ಟು, ಟ್ರಾನ್ಸ್‌ಮಿಟರ್ ಆರಿಸಿ ಪರೀಕ್ಷಿಸಲೂ ಬೇಕು.

ಎಲ್ಲಿ ಹಾರಿಸುವುದೆಂಬುದೂ ಸಣ್ಣ ಪ್ರಶ್ನೆಯಲ್ಲ. ಬೆಂಗಳೂರಿನ ಸುತ್ತ ದೇವನಹಳ್ಳಿ, ಯಲಹಂಕ, ಜಕ್ಕೂರು, ಎಚ್‌ಎಎಲ್ ಎಂದು ನಿಜವಾದ ವಿಮಾನಗಳ ಠಾಣೆಗಳೇ ತುಂಬಿವೆ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಕೆಂಪು, ಹಳದಿ, ಹಸಿರೆಂದು ವಿಂಗಡಿಸಿವೆ. ಹಸಿರಿನಲ್ಲಿಯೂ 400 ಅಡಿಯೇ ಮೇಲಿನ ಮಿತಿ. ನಕ್ಷೆ ನೋಡಿ, ಕಾಗದಪತ್ರದ ಕೆಲಸ ಮುಗಿಸಿ, ತುಮಕೂರು ರಸ್ತೆಯಲ್ಲಿ ಬಹುದೂರ ಹೋಗಿ, ರಾಗಿ ಕೊಯ್ದು ಬಯಲಾದ ಹೊಲವೊಂದನ್ನು ಅದರ ಒಡೆಯರ ಒಪ್ಪಿಗೆ ಪಡೆದು ಗೊತ್ತುಮಾಡಿದೆವು.

ಸಂಕ್ರಾಂತಿ ಕಳೆದ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅಲ್ಲಿದ್ದೆವು. ಗಾಳಿ ಇನ್ನೂ ಎದ್ದಿರಲಿಲ್ಲ. ಆದರೆ ಹಳ್ಳಿಯ ಮಕ್ಕಳೆಲ್ಲ ಎದ್ದಿದ್ದರು. ಇಪ್ಪತ್ತು ಮಂದಿಯಾದರೂ ವಿಮಾನವನ್ನು ಮುತ್ತಿಕೊಂಡರು. ಹೊಲದ ಯಜಮಾನರು ಬಗ್ಗಿ ನೋಡಿ, “ಡ್ರೈವರ್ ಎಲ್ಲಿ ಕೂತ್ಕೊತಾನೆ ಸ್ವಾಮಿ?” ಎಂದರು. ಮಗ ತನ್ನ ಕೈಯಲ್ಲಿದ್ದ ಟ್ರಾನ್ಸ್‌ಮಿಟರನ್ನು ತೋರಿಸಿದ.

ಹಿರಿಯರು ಒಂದು ಕೋಲಿನಿಂದ ನೆಲದ ಮೇಲೆ ಉದ್ದಕ್ಕೆ ಗೆರೆ ಎಳೆದರು. “ಮಕ್ಕಳೇ, ಎಲ್ಲರೂ ಇದರ ಹಿಂದೆ.” ಅನಂತರ ಎಂದೂ ಮಾತನಾಡದವರು ಮಾತನಾಡಿದರು. ತಮ್ಮ ಬಲಗೈಯೆತ್ತಿ ಆ ಮೋಟು ಬೆರಳನ್ನು ಮಕ್ಕಳಿಗೆಲ್ಲ ತೋರಿಸಿದರು. “ಇದನ್ನು ತಿಂದದ್ದು ಇಂಥದೇ ಒಂದು ಪಂಖ. ಹತ್ತು ಅಂಗುಲದ್ದು. ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ ಸುಮಾರು 480 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಅದೇ ಅದರ ಕೆಟ್ಟತನ.” ಎಂಜಿನ್ನಿನ ವಿಮಾನವಾದರೆ ಗದ್ದಲವೆಬ್ಬಿಸಿ ತನ್ನ ಇರವನ್ನು ತಿಳಿಸುತ್ತದೆ. ವಿದ್ಯುತ್ತಿನ ವಿಮಾನ ಬ್ಯಾಟರಿ ಸಿಕ್ಕಿಸಿದ ಗಳಿಗೆಯಿಂದ ಮೌನವಾಗಿ ಕಾದು ಕುಳಿತಿರುತ್ತದೆ. ಮಕ್ಕಳು ಗೆರೆಯಿಂದ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದರು.

ಹೊಸ ವಿಮಾನಕ್ಕೆ ಮೈದಾನದಲ್ಲಿಯೂ ಮೊದಲ ಪರೀಕ್ಷೆ ಪ್ರೊಪೆಲರ್ ಇಲ್ಲದೆಯೇ ಆಗಬೇಕೆಂಬುದು ಅವರ ನಿಯಮ. ಮಗನಿಗೆ ಇದು ಅತಿಯೆನಿಸಿತು. “ತಾತ, ನಿನ್ನೆ ರಾತ್ರಿ ಮನೆಯಲ್ಲಿ ಎಲ್ಲಾ ನೋಡಿದೀನಿ” ಎಂದ. “ನಿನ್ನೆ ನೋಡಿದ್ದು ನಿನ್ನೆಗೆ ಆಯಿತು ಮರಿ. ಇವತ್ತಿನದು ನೋಡು” ಎಂದರು. ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ವಿಮಾನದ ಬ್ಯಾಟರಿ, ಈ ಕ್ರಮದಲ್ಲಿ ಚಾಲೂ ಮಾಡಿ, ವಿಮಾನದ ಹಿಂದೆ ನಿಂತು ಒಂದೊಂದಾಗಿ ಕೂಗಿ ಹೇಳಬೇಕು. ಕಡ್ಡಿಯನ್ನು ತನ್ನ ಕಡೆಗೆ ಎಳೆದರೆ ಬಾಲದ ಎಲಿವೇಟರ್ ಮೇಲೇಳಬೇಕು. ಎದ್ದಿತು. ಚುಕ್ಕಾಣಿ ಬಲಕ್ಕೆಂದರೆ ಬಲಕ್ಕೆ. ಹೋಯಿತು. ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲ ರೆಕ್ಕೆಯ ಐಲರಾನ್ ಮೇಲಕ್ಕೆ, ಎಡದ್ದು ಕೆಳಕ್ಕೆ.

ಬಲದ್ದು ಕೆಳಕ್ಕೆ ಹೋಯಿತು.

ಮಗನ ಮುಖ ಬಿಳಿಚಿತು. ಆ ಸ್ಥಿತಿಯಲ್ಲಿ ನೆಲ ಬಿಟ್ಟಿದ್ದರೆ, ಎಡಕ್ಕೆ ವಾಲಿದ ವಿಮಾನವನ್ನು ಬಲಕ್ಕೆ ತಿದ್ದಹೋದಷ್ಟೂ ಅದು ಎಡಕ್ಕೇ ಮಗುಚುತ್ತಿತ್ತು. ಎರಡು ತಿಂಗಳ ಮೇಜು, ಮಡದಿಯ ಎರಡು ಸಂಜೆ, ಎಲ್ಲವೂ ಮೂರು ಸೆಕೆಂಡಿನಲ್ಲಿ ರಾಗಿ ಕೂಳೆಯ ಪಾಲು. ಅಷ್ಟೇ ಆದರೆ ಚಿಂತೆಯಿರಲಿಲ್ಲ. ವಿಮಾನದ ಎಡಗಡೆ ಗೆರೆಯ ಹಿಂದೆ ಸಾಲಾಗಿ ನಿಂತಿದ್ದ ಆ ಇಪ್ಪತ್ತು ಮಕ್ಕಳನ್ನು ನಾನು ಮತ್ತೊಮ್ಮೆ ಎಣಿಸಿದೆ.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಟ್ರಾನ್ಸ್‌ಮಿಟರಿನ ನೆನಪಿನಲ್ಲಿ ಎರಡು ವಿಮಾನಗಳಿದ್ದವು. ಹುಡುಗ ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಹಳೆಯ ಪುಟ್ಟ ಥರ್ಮೋಕೋಲ್ ವಿಮಾನ ಒಂದು, ಇದೊಂದು. ದಾರಿಯಲ್ಲಿ ಕಾರಿನಲ್ಲಿ ಗುಂಡಿಗಳ ಮೇಲೆ ಬೆರಳಾಡಿಸುತ್ತಿದ್ದಾಗ ಹಳೆಯದರ ಹೆಸರು ಬಂದು ನಿಂತಿತ್ತು. ಅದರಲ್ಲಿ ಐಲರಾನಿನ ದಿಕ್ಕು ತಿರುವುಮುರುವು. ಸರಿಯಾದ ಹೆಸರನ್ನು ಆರಿಸಿ, ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಿದರು. ಮಗ ಈ ಸಲ ಕೂಗಿ ಹೇಳಿದ ಧ್ವನಿ ದೂರದ ತೆಂಗಿನ ತೋಟಕ್ಕೂ ಕೇಳಿರಬೇಕು. ಟ್ರಾನ್ಸ್‌ಮಿಟರಿನ ಬಲ ತಗ್ಗಿಸಿ ಮೂವತ್ತು ಹೆಜ್ಜೆ ದೂರದಿಂದ ಮತ್ತೊಮ್ಮೆ. ಬಳಿಕ ಬ್ಯಾಟರಿ ಬಿಡಿಸಿ, ಪ್ರೊಪೆಲರ್ ಕೂಡಿಸಿ ತಿರುಪು ಬಿಗಿದರು. ಬ್ಯಾಟರಿ ಮತ್ತೆ ಸಿಕ್ಕಿಸಿದಾಗ ವಿಮಾನದ ಬಾಲವನ್ನು ಹಿಡಿದುಕೊಂಡು ಹಿಂದೆ ಕುಳಿತವನು ನಾನು. ಮುಂದೆ ಯಾರೂ ಇರಲಿಲ್ಲ.

ಮೊದಲು ಅವರೇ ಹಾರಿಸಿದರು. ಗಾಳಿಗೆ ಎದುರಾಗಿ ಓಡಿದ ವಿಮಾನ ಮೂವತ್ತು ಗಜದಲ್ಲಿ ನೆಲ ಬಿಟ್ಟಿತು. ಸೂರ್ಯನ ಕಡೆಗೆ ಹೋಗದಂತೆ ಎರಡು ಸುತ್ತು ಹಾಕಿ, ಸಣ್ಣಪುಟ್ಟ ಓಲಾಟ ತಿದ್ದಿದರು. ಗುರು ಶಿಷ್ಯರ ಟ್ರಾನ್ಸ್‌ಮಿಟರುಗಳನ್ನು ಒಂದು ತಂತಿ ಜೋಡಿಸಿತ್ತು. ಗುರುವಿನ ಬೆರಳು ಸ್ವಿಚ್ಚನ್ನು ಒತ್ತಿ ಹಿಡಿದಿರುವವರೆಗೆ ವಿಮಾನ ಶಿಷ್ಯನದು, ಬಿಟ್ಟರೆ ಗುರುವಿನದು. ಅವರು ಸ್ವಿಚ್ಚು ಒತ್ತಿದರು, ಆ ಮೋಟು ಬೆರಳಿನಿಂದಲೇ. ಮಗ ಉಸಿರು ಬಿಗಿಹಿಡಿದು ಎಡಕ್ಕೊಂದು, ಬಲಕ್ಕೊಂದು ತಿರುವು ತಿರುಗಿಸಿದ. ನಾಲ್ಕು ನಿಮಿಷವಾದ ಮೇಲೆ ಅವರು ಸ್ವಿಚ್ಚು ಬಿಟ್ಟು ತಾವೇ ಇಳಿಸಿದರು. ಬ್ಯಾಟರಿಯಲ್ಲಿ ಇನ್ನೂ ಮೂರರಲ್ಲೊಂದು ಪಾಲು ಉಳಿದಿತ್ತು.

ಮಕ್ಕಳು ಗೆರೆ ದಾಟಿ ಓಡಿಬರಲಿದ್ದರು. “ನಿಲ್ಲಿ!” ಎಂದು ಕೂಗಿದವನು ನಾನಲ್ಲ, ಹಿರಿಯರೂ ಅಲ್ಲ, ನನ್ನ ಮಗ. ತಾನೊಬ್ಬನೇ ಹಿಂದಿನಿಂದ ನಡೆದುಹೋಗಿ, ವಿಮಾನದ ಬ್ಯಾಟರಿಯನ್ನು ಬಿಡಿಸಿ, ಅನಂತರ ಟ್ರಾನ್ಸ್‌ಮಿಟರನ್ನು ಆರಿಸಿ, ಅವರನ್ನು ಕೈಬೀಸಿ ಕರೆದ.