ಸೊಸೆಗೇಕೆ ಈ ಸೂತಕ?

ಬಸಿರು ನಿಂತಿತೆಂದು ಮನೆಮಂದಿಯೆಲ್ಲ ಹಿಗ್ಗುತ್ತಿರುವಾಗ ರಕ್ತಸ್ರಾವವಾಗಿ, ವೈದ್ಯರು ಪರೀಕ್ಷಿಸಿ, ಒಳಗೆ ಕೂಸಿಲ್ಲ, ದ್ರಾಕ್ಷಿಯ ಗೊಂಚಲಿನಂತಹ ನೀರುಗುಳ್ಳೆಗಳಿವೆ ಎಂದರೆ ಆ ಹೆಣ್ಣುಮಗಳ ಗತಿ ಏನಾಗಬೇಡ? ಕೂಸನ್ನು ಪೋಷಿಸಬೇಕಾದ ಮಾಸು ತಾನೇ ಅಂಕೆಮೀರಿ ಬೆಳೆಯುವ ಈ ವ್ಯಾಧಿಗೆ ಮೋಲಾರ್ ಗರ್ಭವೆಂದು ಹೆಸರು.

ಇಂತಹ ಕುಟುಂಬದ ಹಿರಿಯರೊಬ್ಬರು ದೋಷಪರಿಹಾರ ಕೇಳಲು ನನ್ನಲ್ಲಿಗೆ ಬಂದಿದ್ದರು. ಸೊಸೆಯ ಕಾಲ್ಗುಣ, ಗ್ರಹಗತಿ, ಕೊನೆಗೆ ಮಗನಿಗೆ ಮತ್ತೊಂದು ಲಗ್ನ ಎಂಬಲ್ಲಿಗೆ ಮಾತು ಬಂದಿತು. ಪಂಚಸೂತಕಗಳನ್ನು 12ನೆಯ ಶತಮಾನದಲ್ಲಿಯೇ ಅಲ್ಲಗಳೆದ ಶರಣರ ಪರಂಪರೆಯವರ ಬಾಯಲ್ಲಿ ಈ ಮಾತು! ವೈದ್ಯಶಾಸ್ತ್ರದಿಂದ ತಿಳಿದುಕೊಂಡುದನ್ನು ಅವರಿಗೆ ವಿವರಿಸಿದೆನು.

ಸಹಜ ಗರ್ಭದಲ್ಲಿ ತಾಯಿಯಿಂದ 23, ತಂದೆಯಿಂದ 23 ವರ್ಣತಂತುಗಳು ಕೂಡುತ್ತವೆ. ಪೂರ್ಣ ಮೋಲಿನಲ್ಲಿಯೂ ಸಾಮಾನ್ಯವಾಗಿ 46 ಇರುತ್ತವೆ. ಆದರೆ ಅವೆಲ್ಲವೂ ತಂದೆಯವೇ. ಅಂಡಾಣುವಿನ ವರ್ಣತಂತುಗಳು ಲೋಪವಾಗಿ, ಒಂದೇ ವೀರ್ಯಾಣುವಿನವು ಇಮ್ಮಡಿಸಿರುತ್ತವೆ. ಕೆಲವೊಮ್ಮೆ ಎರಡು ವೀರ್ಯಾಣುಗಳು ಸೇರಿರುತ್ತವೆ. 1977ರಲ್ಲಿ ಜಪಾನಿನ ಕಾಜೀ ಮತ್ತು ಓಹಾಮಾ ಇದನ್ನು ತೋರಿಸಿಕೊಟ್ಟರು. ಅಪೂರ್ಣ ಮೋಲಿನಲ್ಲಿ ತಾಯಿಯ 23ರೊಡನೆ ತಂದೆಯ ಎರಡು ಪಾಲು ಸೇರಿ 69 ಆಗುತ್ತವೆ. ಕೆಲವು ವಂಶವಾಹಿಗಳು ತಂದೆಯಿಂದ ಬಂದಾಗ ಮಾತ್ರ, ಮತ್ತೆ ಕೆಲವು ತಾಯಿಯಿಂದ ಬಂದಾಗ ಮಾತ್ರ ಕೆಲಸ ಮಾಡುತ್ತವೆ. ಮಾಸಿನ ಬೆಳವಣಿಗೆಗೆ ಕಡಿವಾಣ ಹಾಕುವಂತಹವು ತಾಯಿಯ ಪಾಲಿನಲ್ಲಿರುವುದರಿಂದ, ಆ ಪಾಲು ಇಲ್ಲದಾಗ ಮಾಸು ಉಬ್ಬುತ್ತದೆ, ಕೂಸು ರೂಪುಗೊಳ್ಳುವುದಿಲ್ಲ.

ಹಾಗೆಂದು ಗಂಡನ ಕಡೆಗೆ ಬೆರಳು ತೋರಬೇಕಾಗಿಲ್ಲ. ಗರ್ಭಧಾರಣೆಯ ಕ್ಷಣದ ಈ ಏರುಪೇರು ಯಾರ ವಶದಲ್ಲಿಯೂ ಇರುವುದಲ್ಲ. ಒಮ್ಮೆ ಹೀಗಾದವರಲ್ಲಿ ಮತ್ತೊಮ್ಮೆ ಆಗುವ ಸಂಭವ ನೂರಕ್ಕೆ ಒಂದೆರಡು ಮಾತ್ರ.

ಪದೇ ಪದೇ ಮೋಲ್ ಆಗುವ ತೀರ ವಿರಳ ಬಗೆಯೊಂದುಂಟು. 19ನೆಯ ವರ್ಣತಂತುವಿನ ಎನ್‌ಎಲ್‌ಆರ್‌ಪಿ 7 ಎಂಬ ವಂಶವಾಹಿಯ ದೋಷ ಇದಕ್ಕೆ ಕಾರಣವಾಗಬಲ್ಲದೆಂದು 2006ರಲ್ಲಿ ಗೊತ್ತಾಯಿತು. ಆ ಸ್ತ್ರೀಯು ದೋಷದ ಪ್ರತಿಯನ್ನು ತನ್ನ ತಂದೆ ತಾಯಿ ಇಬ್ಬರಿಂದಲೂ ಪಡೆದಿರುತ್ತಾಳೆ. ಆದುದರಿಂದ ಅವರಿಬ್ಬರು ರಕ್ತಸಂಬಂಧಿಗಳಾಗಿದ್ದರೆ ಸಂಭವ ಹೆಚ್ಚು. ಅಕ್ಕನ ಮಗಳನ್ನೇ ತಂದುಕೊಳ್ಳುವ ನಮ್ಮ ಮನೆತನಗಳು ಇದನ್ನು ಯೋಚಿಸಬೇಕು. ಅಂಥವರಿಗೂ ಬೇರೊಬ್ಬ ಸ್ತ್ರೀಯ ಅಂಡಾಣುವಿನಿಂದ ಆರೋಗ್ಯವಂತ ಮಕ್ಕಳಾದ ಉದಾಹರಣೆಗಳಿವೆ.

ಶಾಂತಿ, ಹೋಮಗಳಿಗಿಂತ ಮುಖ್ಯವಾದುದು ಚಿಕಿತ್ಸೆಯ ಅನಂತರದ ಎಚ್ಚರ. ಗರ್ಭಾಶಯವನ್ನು ಶುದ್ಧಗೊಳಿಸಿದ ಮೇಲೂ ಎಚ್‌ಸಿಜಿ ಎಂಬ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದಷ್ಟು ಕಾಲ ಮಾಡಿಸಬೇಕು. ಅಲ್ಲಿಯವರೆಗೆ ಮತ್ತೆ ಬಸಿರಾಗಬಾರದು. ಉಳಿದ ಅಂಶವು ಕೆಲವರಲ್ಲಿ ಅರ್ಬುದವಾಗುತ್ತದೆ. ಅದು ಒಂದು ಕಾಲಕ್ಕೆ ಮಾರಕವಾಗಿತ್ತು. 1956ರಲ್ಲಿ ಅಮೆರಿಕದಲ್ಲಿ ಮಿನ್ ಚಿಯು ಲೀ ಎಂಬ ವೈದ್ಯರು ಮೆಥೊಟ್ರೆಕ್ಸೇಟ್ ಔಷಧದಿಂದ ಗುಣಪಡಿಸಿದರು. ಈಗ ಸಕಾಲದಲ್ಲಿ ಗುರುತಿಸಿದರೆ ಬಹುತೇಕ ಎಲ್ಲರೂ ಗುಣಮುಖರಾಗುತ್ತಾರೆ. ಆದರೆ ಬಸ್ಸಿನ ಖರ್ಚು, ಸುಗ್ಗಿಯ ಕೆಲಸ ಎಂದು ಪರೀಕ್ಷೆಗಳನ್ನು ಅರ್ಧಕ್ಕೇ ಬಿಡುವವರುಂಟು. ಸೊಸೆಯೊಬ್ಬಳನ್ನೇ ಕಳುಹಿಸದೆ, ಪ್ರತಿಸಲವೂ ಮಗನು ಜೊತೆಗೆ ಹೋಗತಕ್ಕದ್ದೆಂದು ಆ ಹಿರಿಯರಿಗೆ ಹೇಳಿ ಕಳುಹಿಸಿದೆನು.